ಗಾಜಿನ ಕೊಳಕ್ಕೆ ಹೆಪ್ಪು

ಬನಶಂಕರಿಯ ಗೃಹಿಣಿಯೊಬ್ಬರು ನಮಗೆ ಪತ್ರ ಬರೆದು, ಈ ತಿಂಗಳ ಲೇಖನಕ್ಕೆ ವಿಷಯವನ್ನು ತಾವೇ ಒದಗಿಸಿಕೊಟ್ಟಿರುತ್ತಾರೆ. ಮಗನ ಹುಟ್ಟುಹಬ್ಬಕ್ಕೆಂದು ಅವರ ಮನೆಗೆ ಗಾಜಿನ ತೊಟ್ಟಿಯೊಂದು ಬಂದಿತು. ಅದೇ ಸಂಜೆ ನೀರು ತುಂಬಿ ಹನ್ನೆರಡು ಮೀನುಗಳನ್ನು ಬಿಟ್ಟದ್ದಾಯಿತು. ಅಂಗಡಿಯವನು "ಒಳ್ಳೆಯ ಬ್ಯಾಕ್ಟೀರಿಯ" ಇರುವ ಸೀಸೆಯೊಂದನ್ನೂ ಜೊತೆಗೆ ಕೊಟ್ಟು, ಎರಡು ಮುಚ್ಚಳ ಸುರಿದರೆ ಸಾಕು, ಯಾವ ಚಿಂತೆಯೂ ಇಲ್ಲವೆಂದು ಹೇಳಿ ಕಳುಹಿಸಿದನು. ಐದನೆಯ ದಿನ ಎರಡು ಮೀನು ಸತ್ತವು. ಏಳನೆಯ ದಿನ ನಾಲ್ಕು. ಹತ್ತು ದಿನ ತುಂಬುವುದರೊಳಗೆ ಒಂದರ ಹೊರತು ಎಲ್ಲವೂ ಹೋದವು. "ನೀರು ಕನ್ನಡಿಯಂತೆ ತಿಳಿಯಾಗಿತ್ತು, ಹೊತ್ತುಹೊತ್ತಿಗೆ ಆಹಾರ ಹಾಕಿದೆವು, ಸೀಸೆಯನ್ನೂ ಸುರಿದೆವು. ಏಕೆ ಸತ್ತವೆಂದು ಮಗು ಕೇಳುತ್ತಾನೆ, ಏನು ಹೇಳಲಿ? ಸೀಸೆಯೊಳಗಿದ್ದುದು ಬರಿಯ ನೀರೇ?" ಎಂದು ಆಕೆ ಕೇಳಿದ್ದಾರೆ.

ಈ ಪ್ರಶ್ನೆ ಒಂದು ಮನೆಯದಲ್ಲ. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ, ಈ ಪ್ರಾಂತ್ಯಗಳಲ್ಲಿ ನಡುಮನೆಯಲ್ಲಿ ಮೀನಿನ ತೊಟ್ಟಿಯನ್ನಿರಿಸಿಕೊಂಡ ಗೃಹಸ್ಥರು ಎಷ್ಟೋ ಮಂದಿ ಇರುವರು. ಹೊಸ ತೊಟ್ಟಿಯ ಮೀನು ಮೊದಲ ತಿಂಗಳಲ್ಲಿಯೇ ಸಾಯುವುದು ಎಷ್ಟು ಸಾಮಾನ್ಯವಾಗಿ ಹೋಗಿದೆಯೆಂದರೆ, ಜನರು ಅದನ್ನು ಮೀನಿನ ಆಯುಸ್ಸೆಂದೇ ಎಣಿಸಿ, ಸತ್ತುದನ್ನು ಎಸೆದು ಹೊಸದನ್ನು ಕೊಂಡು ತರುವರು. ಇದು ಸರಿಯಾದ ಎಣಿಕೆಯಲ್ಲ. ಚೆನ್ನಾಗಿ ಸಾಕಿದ ಗೋಲ್ಡ್‌ಫಿಶ್ ಹತ್ತು ವರ್ಷಕ್ಕೂ ಮಿಕ್ಕಿ ಬದುಕತಕ್ಕ ಪ್ರಾಣಿ. ಅದು ಹತ್ತು ದಿನಕ್ಕೆ ಸತ್ತರೆ ಆಯುಸ್ಸು ತೀರಿತೆಂದು ಹೇಳಲಾಗದು. ಅದು ಉಸಿರಾಡುವ ನೀರೇ ವಿಷವಾಯಿತೆಂದು ತಿಳಿಯಬೇಕು.

ಆಕೆಯ ಪ್ರಶ್ನೆಗೆ ನಮ್ಮ ಉತ್ತರವನ್ನು ಮೊದಲೇ ಹೇಳಿಬಿಡುವೆವು. ಒಳ್ಳೆಯ ಸೀಸೆಯೊಳಗಿರುವುದು ಬರಿಯ ನೀರಲ್ಲ. ಆದರೆ ಅದು ಹೆಪ್ಪು, ಮೊಸರಲ್ಲ. ಹಾಲಿಗೆ ಹೆಪ್ಪು ಹಾಕಿದ ಗಳಿಗೆಯಲ್ಲಿಯೇ ಅದನ್ನು ಮೊಸರೆಂದು ಎಲೆಗೆ ಬಡಿಸುವ ಗೃಹಿಣಿ ಎಲ್ಲಿಯೂ ಇಲ್ಲ. ಮೀನಿನ ತೊಟ್ಟಿಯ ವಿಷಯದಲ್ಲಿ ಮಾತ್ರ ಜನರು ಹೀಗೆ ಮಾಡುವರು. ಉಳಿದುದೆಲ್ಲ ಈ ಒಂದು ಮಾತಿನ ವಿವರಣೆ.

ಶತಪಥ ಬ್ರಾಹ್ಮಣದಲ್ಲಿ ಮನುವಿನ ಕೈಗೆ ಬಂದ ಮೀನಿನ ಕಥೆಯನ್ನು ವಾಚಕರು ಬಲ್ಲರಷ್ಟೆ. ಆ ಮೀನು ತನ್ನನ್ನು ಮೊದಲು ಗಡಿಗೆಯಲ್ಲಿಯೂ, ಬೆಳೆದ ಮೇಲೆ ಅಗೆದ ಗುಂಡಿಯಲ್ಲಿಯೂ, ಇನ್ನೂ ಬೆಳೆದ ಮೇಲೆ ಸಮುದ್ರದಲ್ಲಿಯೂ ಇರಿಸಬೇಕೆಂದು ತಾನೇ ಬಾಯಿಬಿಟ್ಟು ಹೇಳಿತು. ನಮ್ಮ ಮನೆಯ ಮೀನಿಗೆ ಮಾತಿಲ್ಲ. ಅದಕ್ಕೆ ಬೇಕಾದುದನ್ನು ಸಾಕುವವನೇ ತಿಳಿದುಕೊಳ್ಳಬೇಕು. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲುಗಳ ಬಳಿ ಮೀನುಗಳು ಹಿಂಡುಹಿಂಡಾಗಿ ಬಂದು ಭಕ್ತರು ಎಸೆದ ಪುರಿಯನ್ನು ತಿನ್ನುವುವು. ಅಲ್ಲಿ ಯಾರೂ ನೀರು ಬದಲಿಸುವುದಿಲ್ಲ, ಯಾರೂ ಸೀಸೆ ಸುರಿಯುವುದಿಲ್ಲ. ಹೊಳೆ ಹರಿಯುವುದು, ಹೊಳೆಯ ಕಲ್ಲು, ಮರಳು, ಪಾಚಿಗಳ ಮೇಲೆ ಅನಾದಿಯಿಂದ ನೆಲೆಸಿದ ಸೂಕ್ಷ್ಮಜೀವಿಗಳು ಕಶ್ಮಲವನ್ನೆಲ್ಲ ಅರಗಿಸುವುವು. ಗಾಜಿನ ತೊಟ್ಟಿಯಲ್ಲಿ ಹರಿವೂ ಇಲ್ಲ, ಹೊಸದಾಗಿದ್ದರೆ ಆ ಜೀವಿಗಳೂ ಇಲ್ಲ. ಒಳಗೆ ಬಿದ್ದುದೆಲ್ಲ ಒಳಗೇ ಉಳಿಯುವುದು.

ಮೀನು ತಿಂದ ಆಹಾರದಲ್ಲಿನ ಸಾರಜನಕದ ಬಹುಭಾಗವು ಅಮೋನಿಯವಾಗಿ ಅದರ ಕಿವಿರುಗಳಿಂದಲೇ ನೀರಿಗೆ ಸೇರುವುದು. ತಿನ್ನದೆ ಉಳಿದು ಕೊಳೆತ ಆಹಾರದಿಂದಲೂ ಅದೇ ಹುಟ್ಟುವುದು. ಈ ಅಮೋನಿಯಕ್ಕೆ ಬಣ್ಣವಿಲ್ಲ; ಅಲ್ಪ ಪ್ರಮಾಣದಲ್ಲಿ ವಾಸನೆಯೂ ತಿಳಿಯದು. ಆದುದರಿಂದಲೇ ನೀರು ಕನ್ನಡಿಯಂತಿದ್ದರೂ ಮೀನು ಸಾಯುವುದು. ಇದರಲ್ಲಿ ಇನ್ನೊಂದು ಸೂಕ್ಷ್ಮವುಂಟು. ನೀರಿನ ಆಮ್ಲಕ್ಷಾರಗಳನ್ನು ಅಳೆಯುವ ಮಾನಕ್ಕೆ ಪಿ.ಎಚ್. ಎಂದು ಹೆಸರು. ಅದು ೭ ಆಗಿದ್ದಾಗ, ೨೫ ಡಿಗ್ರಿ ಉಷ್ಣತೆಯ ನೀರಿನಲ್ಲಿ, ಒಟ್ಟು ಅಮೋನಿಯದ ನೂರರಲ್ಲಿ ಸುಮಾರು ಅರ್ಧ ಪಾಲು ಮಾತ್ರ ಉಗ್ರವಿಷವಾದ ರೂಪದಲ್ಲಿರುವುದು. ೮ ಆದಾಗ ನೂರರಲ್ಲಿ ಐದು ಪಾಲಿಗೂ ಮಿಕ್ಕಿ ಆ ರೂಪಕ್ಕೆ ತಿರುಗುವುದು. ಎಂದರೆ ಅಷ್ಟೇ ಕಶ್ಮಲ, ಹತ್ತರಷ್ಟು ವಿಷ. ನಮ್ಮ ಕೊಳವೆಬಾವಿಗಳ ಗಡಸು ನೀರು ಸಾಮಾನ್ಯವಾಗಿ ೭ಕ್ಕಿಂತ ಮೇಲಿರುವುದರಿಂದ ಇದನ್ನು ಮರೆಯಬಾರದು.

ಈ ವಿಷವನ್ನು ತಿಂದು ಬದುಕುವ ಸೂಕ್ಷ್ಮಜೀವಿಗಳು ಪ್ರಕೃತಿಯಲ್ಲಿ ಉಂಟು. ಮೊದಲನೆಯ ವರ್ಗದವು ಅಮೋನಿಯವನ್ನು ನೈಟ್ರೈಟ್ ಆಗಿ ಮಾರ್ಪಡಿಸುವುವು. ನೈಟ್ರೈಟೂ ವಿಷವೇ, ಅದು ಮೀನಿನ ರಕ್ತದ ಕೆಂಪನ್ನು ಕಂದಾಗಿಸಿ, ರಕ್ತವು ಪ್ರಾಣವಾಯುವನ್ನು ಹೊರದಂತೆ ಮಾಡುವುದು. ಮೀನು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆದು ಏದುವುದನ್ನು ಆಗ ಕಾಣಬಹುದು. ಎರಡನೆಯ ವರ್ಗದವು ಈ ನೈಟ್ರೈಟನ್ನು ನೈಟ್ರೇಟ್ ಆಗಿ ಮಾಡುವುವು. ನೈಟ್ರೇಟು ಬಹುಮಟ್ಟಿಗೆ ನಿರಪಾಯ. ಗಿಡಗಳಿಗೆ ಅದು ಗೊಬ್ಬರ. ಹೀಗೆ ಎರಡು ಕೈ ಬದಲಾದ ಮೇಲೆ ವಿಷವು ಗೊಬ್ಬರವಾಗುವುದು. ಆಕೆಯ ಮಗುವಿಗೆ ಹೇಳಬೇಕಾದ ಉತ್ತರವೂ ಇದೇ: "ತೊಟ್ಟಿಯನ್ನು ಗುಡಿಸುವವರು ಬರುವುದಕ್ಕೆ ಮೊದಲೇ ಹನ್ನೆರಡು ಜನ ನೆಂಟರು ಬಂದಿಳಿದರು, ಮಗು." ಮಕ್ಕಳು ಇದನ್ನು ಸುಲಭವಾಗಿ ಗ್ರಹಿಸುವರೆಂದು ನಮ್ಮ ಪಾಠಶಾಲೆಯ ಅನುಭವದಿಂದ ಹೇಳಬಲ್ಲೆವು.

ಈ ರಹಸ್ಯವು ಬೆಳಕಿಗೆ ಬಂದ ಬಗೆ ಸ್ವಾರಸ್ಯವಾದದ್ದು. ಲಂಡನ್ನಿನಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞನು ಎರಡು ಗೋಲ್ಡ್‌ಫಿಶ್‌ಗಳನ್ನೂ, ನೀರಿನ ಗಿಡವೊಂದನ್ನೂ, ಕೆಲವು ಬಸವನಹುಳುಗಳನ್ನೂ ಒಂದೇ ಪಾತ್ರೆಯಲ್ಲಿರಿಸಿ, ಇವು ಒಂದನ್ನೊಂದು ಪೋಷಿಸಿಕೊಂಡು ಬಾಳಬಲ್ಲುವೆಂದು ೧೮೫೦ರಲ್ಲಿ ಪ್ರಕಟಿಸಿದನು. ಮನೆಯೊಳಗೆ ಮೀನು ಸಾಕುವ ಶಾಸ್ತ್ರಕ್ಕೆ ಇದು ತಳಹದಿಯಾಯಿತು. ಆದರೆ ಆ ಪಾತ್ರೆಯಲ್ಲಿ ಕಣ್ಣಿಗೆ ಕಾಣದ ನಾಲ್ಕನೆಯ ಪಾಲುಗಾರನೊಬ್ಬನಿರುವನೆಂದು ಆತನಿಗೆ ತಿಳಿದಿರಲಿಲ್ಲ.

೧೮೭೭ರಲ್ಲಿ ಫ್ರಾನ್ಸು ದೇಶದ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ಎಂಬ ಇಬ್ಬರು, ಮರಳು ಮತ್ತು ಸುಣ್ಣಕಲ್ಲು ತುಂಬಿದ ಉದ್ದವಾದ ಕೊಳವೆಯೊಂದರ ಮೂಲಕ ಚರಂಡಿಯ ನೀರನ್ನು ಮೆಲ್ಲಮೆಲ್ಲನೆ ಇಳಿಯಬಿಟ್ಟರು. ಸುಮಾರು ಇಪ್ಪತ್ತು ದಿನ ಅಮೋನಿಯವು ಹೋದಂತೆಯೇ ಹೊರಬಂದಿತು. ಆ ಬಳಿಕ ನೈಟ್ರೇಟು ಕಾಣಿಸಿಕೊಂಡಿತು, ಅಮೋನಿಯ ಮಾಯವಾಯಿತು. ಕ್ಲೋರೋಫಾರ್ಮಿನ ಆವಿಯನ್ನು ಹಾಯಿಸಲು ಆ ಕಾರ್ಯ ನಿಂತುಹೋಯಿತು. ಮಣ್ಣು ಕಲಸಿದ ನೀರನ್ನು ಸ್ವಲ್ಪ ಸೇರಿಸಲು ಮರಳಿ ಮೊದಲಾಯಿತು. ಇದರಿಂದ ಇದು ಬರಿಯ ರಾಸಾಯನಿಕ ಕ್ರಿಯೆಯಲ್ಲ, ಜೀವಿಗಳ ಕಾರ್ಯವೆಂಬುದು ಸಿದ್ಧವಾಯಿತು. ವಾಚಕರು ಗಮನವಿಟ್ಟು ನೋಡಿದರೆ, ಇಂದಿನ ಮೀನಿನ ತೊಟ್ಟಿಯ ಕಥೆಯೆಲ್ಲವೂ ಆ ಕೊಳವೆಯಲ್ಲಿಯೇ ಅಡಗಿರುವುದು ತಿಳಿಯುವುದು: ಇಪ್ಪತ್ತು ದಿನ ಕಾಯುವುದು ಅಲ್ಲಿಯೇ ಇದೆ, ಔಷಧದಿಂದ ಜೀವಿಗಳು ಕೆಡುವುದು ಅಲ್ಲಿಯೇ ಇದೆ, ಮಣ್ಣಿನ ನೀರೆಂಬ ಹೆಪ್ಪೂ ಅಲ್ಲಿಯೇ ಇದೆ.

ಮುಂದೆ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿ ಈ ಕಾರ್ಯವು ಎರಡು ಮೆಟ್ಟಿಲುಗಳಲ್ಲಿ, ಬೇರೆಬೇರೆ ಜೀವಿಗಳಿಂದ ನಡೆಯುವುದೆಂದು ತೋರಿಸಿಕೊಟ್ಟವನು ಇನ್ನೊಬ್ಬ ರಾಬರ್ಟ್ ವಾರಿಂಗ್ಟನ್. ಮೀನಿನ ಪಾತ್ರೆಯ ವಾರಿಂಗ್ಟನ್ನನ ಸ್ವಂತ ಮಗ. ತಂದೆಯು ಕಾಣದೆ ಹೋದ ಪಾಲುಗಾರನನ್ನು ಮಗನು ಹೊಲದ ಮಣ್ಣಿನಲ್ಲಿ ಕಂಡನೆನ್ನಬೇಕು. ಆ ಜೀವಿಗಳನ್ನು ಮೊದಲು ಬೇರ್ಪಡಿಸಿ ಬೆಳೆಸಿದ ಕೀರ್ತಿಯು ೧೮೯೦ರ ಸುಮಾರಿಗೆ ರಷ್ಯಾದ ವಿನೊಗ್ರಾಡ್‌ಸ್ಕಿಗೆ ಸಂದಿತು. ಅಲ್ಲಿಂದ ಬಹುಕಾಲದವರೆಗೆ, ಎರಡನೆಯ ಮೆಟ್ಟಿಲಿನ ಕೆಲಸ ನೈಟ್ರೊಬ್ಯಾಕ್ಟರ್ ಎಂಬ ಜೀವಿಯದೆಂದೇ ಮೀನು ಸಾಕುವ ಪುಸ್ತಕಗಳು ಹೇಳುತ್ತಿದ್ದವು. ೧೯೯೮ರಲ್ಲಿ ಅಮೆರಿಕದ ತಿಮೊತಿ ಹೊವನೆಕ್ ಮತ್ತು ಅವರ ಸಂಗಡಿಗರು ಸಿಹಿನೀರಿನ ತೊಟ್ಟಿಗಳನ್ನು ಪರೀಕ್ಷಿಸಿ, ಅಲ್ಲಿ ಆ ಕೆಲಸ ಮಾಡುತ್ತಿರುವುದು ನೈಟ್ರೊಸ್ಪೈರ ಎಂಬ ಬೇರೆ ಕುಲದ ಜೀವಿಯೆಂದು ತೋರಿಸಿದರು. ೨೦೧೫ರಲ್ಲಿ ಆ ಕುಲದಲ್ಲಿಯೇ ಎರಡು ಮೆಟ್ಟಿಲನ್ನೂ ಒಂದೇ ಜೀವಿ ಏರುವುದನ್ನು ಎರಡು ವಿದ್ವತ್‌ತಂಡಗಳು ಕಂಡುಹಿಡಿದವು. ಒಂದು ತಂಡಕ್ಕೆ ಅದು ಸಿಕ್ಕಿದ್ದು ಮೀನು ಸಾಕುವ ನೀರಿನ ಶೋಧಕದಲ್ಲಿ. ಆದುದರಿಂದ ಯಾವ ಜೀವಿಯನ್ನು ಸೀಸೆಗೆ ತುಂಬಬೇಕೆಂಬುದೇ ಸರಿಯಾಗಿ ತಿಳಿದು ಬಹಳ ಕಾಲವಾಗಿಲ್ಲ.

ಇನ್ನು ಸೀಸೆಯ ವಿಚಾರ. ಅಂಗಡಿಯಲ್ಲಿ ಸಿಗುವ ಸೀಸೆಗಳು ಮುಖ್ಯವಾಗಿ ಎರಡು ಬಗೆ. ಒಂದರಲ್ಲಿ ಬ್ಯಾಸಿಲಸ್ ಮೊದಲಾದ ಜೀವಿಗಳಿರುವುವು. ಇವು ಒಣಬೀಜದಂಥ ಗಟ್ಟಿ ರೂಪವನ್ನು ತಳೆದು ತಿಂಗಳುಗಟ್ಟಲೆ ನಿದ್ರಿಸಬಲ್ಲುವು. ಬಿಸಿಲು ಸೆಕೆಗಳನ್ನೂ ತಾಳುವುವು. ತಳದಲ್ಲಿ ಕೂತ ಕೊಳೆಯನ್ನು ಕರಗಿಸಲು ಇವು ಸಹಾಯಕ. ಆದರೆ ಅಮೋನಿಯವನ್ನು ನೈಟ್ರೇಟಾಗಿಸುವ ಮುಖ್ಯಕಾರ್ಯ ಇವುಗಳದಲ್ಲ. ಎರಡನೆಯ ಬಗೆಯ ಸೀಸೆಯಲ್ಲಿ ಆ ಕಾರ್ಯದ ಜೀವಿಗಳೇ ಇರುವುವು. ಇವುಗಳಿಗೆ ಬೀಜರೂಪವಿಲ್ಲ. ಸೀಸೆಯಲ್ಲಿ ಜೀವಂತವಾಗಿಯೇ, ಉಪವಾಸದಲ್ಲಿ, ಇರಬೇಕು. ಸೆಕೆ ಹೆಚ್ಚಿದರೆ, ಕಾಲ ಮೀರಿದರೆ, ಕ್ರಮೇಣ ಸಾಯುವುವು. ಮುಚ್ಚಿದ ಲಾರಿಯಲ್ಲಿ ಬಂದು, ಬಿಸಿಲು ಬೀಳುವ ಅಂಗಡಿಯ ಗಾಜಿನ ಮುಂದೆ ಬೇಸಗೆಯನ್ನು ಕಳೆದ ಸೀಸೆಯಲ್ಲಿ ಎಷ್ಟು ಪ್ರಾಣ ಉಳಿದಿರುವುದೆಂಬುದನ್ನು ಹೊರಗಿನಿಂದ ನೋಡಿ ಹೇಳುವ ಉಪಾಯವಿಲ್ಲ. ಆದುದರಿಂದ ಕೊಳ್ಳುವಾಗ ಮೂರು ಸಂಗತಿ ನೋಡತಕ್ಕದ್ದು: ಒಳಗಿನ ಜೀವಿಗಳ ಹೆಸರನ್ನು ಚೀಟಿಯ ಮೇಲೆ ಬರೆದಿದೆಯೇ, ತಯಾರಾದ ಹಾಗೂ ಮುಗಿಯುವ ದಿನಾಂಕಗಳಿವೆಯೇ, ಅಂಗಡಿಯವನು ಅದನ್ನು ತಂಪಾದ ಜಾಗದಲ್ಲಿ ಇರಿಸಿದ್ದಾನೆಯೇ. ಹೆಸರಿಲ್ಲದ ಸೀಸೆಗೆ ಹಣ ತೆರುವುದು ವ್ಯರ್ಥ.

ಸೀಸೆ ಒಳ್ಳೆಯದಾದರೂ ಕಾಯುವುದು ತಪ್ಪದು. ಹಲವು ಸಾಮಾನ್ಯ ಬ್ಯಾಕ್ಟೀರಿಯಗಳು ಅನುಕೂಲ ಒದಗಿದರೆ ಅರ್ಧ ಗಂಟೆಯೊಳಗೆ ಎರಡು ಮಡಿ ಆಗಬಲ್ಲುವು. ಮೊಸರಿನವೂ ಹಾಗೆಯೇ ಬೇಗ ಬೆಳೆಯುವುವಾದುದರಿಂದ ರಾತ್ರಿ ಹಾಕಿದ ಹೆಪ್ಪು ಬೆಳಗಾಗುವುದರೊಳಗೆ ಗಟ್ಟಿಯಾಗುವುದು. ಈ ನಮ್ಮ ಜೀವಿಗಳು ಒಮ್ಮೆ ಇಮ್ಮಡಿಸಲು ಎಂಟು ಗಂಟೆಯಿಂದ ಒಂದು ದಿನ, ಕೆಲವು ಸಲ ಅದಕ್ಕೂ ಹೆಚ್ಚು ತೆಗೆದುಕೊಳ್ಳುವುವು. ಹೆಪ್ಪೇ ಇಲ್ಲದೆ ತೊಟ್ಟಿ ಹದಕ್ಕೆ ಬರಲು ಸಾಧಾರಣವಾಗಿ ನಾಲ್ಕರಿಂದ ಆರು ವಾರ ಬೇಕು. ಜೀವವಿರುವ ಒಳ್ಳೆಯ ಹೆಪ್ಪಿದ್ದರೆ ಒಂದೆರಡು ವಾರಕ್ಕೆ ಇಳಿಯಬಹುದು. ಮಾಗಿಯ ರಾತ್ರಿಗಳಲ್ಲಿ ನಮ್ಮ ಊರಿನ ನೀರು ತಣ್ಣಗಾದಾಗ ಇನ್ನೂ ನಿಧಾನ.

ಹೆಪ್ಪು ಮುಗಿದರೆ ಪಕ್ಕದ ಮನೆಯಿಂದ ಒಂದು ಚಮಚ ತರುವ ಪದ್ಧತಿ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಇಲ್ಲಿಯೂ ಅದಕ್ಕಿಂತ ಮಿಗಿಲಾದ ಉಪಾಯವಿಲ್ಲ. ವರ್ಷಗಳಿಂದ ಆರೋಗ್ಯವಾಗಿ ನಡೆಯುತ್ತಿರುವ ತೊಟ್ಟಿ ನೆರೆಯವರಲ್ಲಿದ್ದರೆ, ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡನ್ನು ಬೇಡಿ, ಅದೇ ತೊಟ್ಟಿಯ ನೀರಿನಲ್ಲಿ ನೆನೆಸಿಕೊಂಡು, ಒಣಗಲು ಬಿಡದೆ ತಂದು, ನಿಮ್ಮ ಫಿಲ್ಟರಿನೊಳಗೆ ಇಡಿರಿ. ಈ ಜೀವಿಗಳು ನೀರಿನಲ್ಲಿ ತೇಲುವುದಕ್ಕಿಂತ ಸ್ಪಂಜು, ಕಲ್ಲು, ಮರಳುಗಳ ಮೇಲೆ ಅಂಟಿಕೊಂಡೇ ಹೆಚ್ಚಾಗಿ ಬಾಳುವುದರಿಂದ, ಒಂದು ಬಿಂದಿಗೆ ಹಳೆಯ ನೀರಿಗಿಂತ ಒಂದು ಹಿಡಿ ಹಳೆಯ ಸ್ಪಂಜು ಮೇಲು. ರೋಗದ ಮೀನಿದ್ದ ತೊಟ್ಟಿಯಿಂದ ಮಾತ್ರ ತರಬಾರದು. ಹೆಪ್ಪಿನೊಡನೆ ರೋಗವೂ ಬರುವುದು.

ಹೊಸ ತೊಟ್ಟಿಯನ್ನು ಹದಗೊಳಿಸುವ ಕ್ರಮವನ್ನು ಈಗ ಹೇಳುವೆವು. ನೀರು ತುಂಬಿ, ಕ್ಲೋರೀನನ್ನು ನೀಗಿ, ಫಿಲ್ಟರನ್ನು ಒಂದು ದಿನ ಓಡಿಸಬೇಕು. ಸೀಸೆಯನ್ನು ಚೆನ್ನಾಗಿ ಅಲುಗಿಸಿ, ಫಿಲ್ಟರಿನ ಬಳಿಯಲ್ಲಿ ಸುರಿಯಬೇಕು. ಮೀನನ್ನು ಬಿಡಬಾರದು. ಹಾಗಾದರೆ ಆ ಜೀವಿಗಳಿಗೆ ಆಹಾರವೇನು ಎಂದು ಕೇಳಬಹುದು. ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುತ್ತಿದ್ದ ನವಸಾಗರವನ್ನು ಹಿರಿಯ ವಾಚಕರು ಕಂಡಿರಬೇಕು. ಅದೇ ಅಮೋನಿಯಂ ಕ್ಲೋರೈಡ್. ಕಲಾಯಿಯ ನವಸಾಗರದಲ್ಲಿ ಕಲಬೆರಕೆಯಿರಬಹುದಾದುದರಿಂದ ಅದು ಬೇಡ. ರಾಸಾಯನಿಕ ಸಾಮಾನಿನ ಅಂಗಡಿಯಲ್ಲಿ ದೊರೆಯುವ ಶುದ್ಧವಾದದ್ದು ಬೇಕು. ೧೦೦ ಲೀಟರು ನೀರಿಗೆ ಸುಮಾರು ೦.೬ ಗ್ರಾಂ ಕರಗಿಸಿದರೆ, ಲೀಟರಿಗೆ ೨ ಮಿಲಿಗ್ರಾಮಿನಷ್ಟು ಅಮೋನಿಯ ಆಗುವುದು. ಅದು ದೊರೆಯದವರು ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಹಾಕಿ ಕೊಳೆಯಬಿಡಬಹುದು. ಇದು ನಿಧಾನ, ಆದರೆ ಫಲ ಒಂದೇ. ಅಮೋನಿಯ, ನೈಟ್ರೈಟುಗಳನ್ನು ಬಣ್ಣದಿಂದ ತೋರಿಸುವ ಟೆಸ್ಟ್ ಕಿಟ್ ಒಂದನ್ನು ಕೊಂಡು, ಎರಡು ದಿನಕ್ಕೊಮ್ಮೆ ನೋಡುತ್ತಿರಬೇಕು. ಮೊದಲು ಅಮೋನಿಯ ಇಳಿದು ನೈಟ್ರೈಟ್ ಏರುವುದು. ಬಳಿಕ ಅದೂ ಇಳಿಯುವುದು. ನವಸಾಗರವನ್ನು ಹಿಂದಿನಷ್ಟೇ ಮತ್ತೆ ಹಾಕಿದಾಗ, ಒಂದು ದಿನದೊಳಗೆ ಎರಡೂ ಸೊನ್ನೆಗೆ ಬಂದರೆ ತೊಟ್ಟಿ ಹದವಾಯಿತೆಂದು ತಿಳಿಯಿರಿ. ಆಗ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಮೂರು ನಾಲ್ಕು ಮೀನುಗಳಿಂದ ಆರಂಭಿಸಬೇಕು. ಈ ಕಿಟ್ಟಿಗೆ ಕೊಟ್ಟ ಹಣ ಸೀಸೆಗೆ ಕೊಟ್ಟುದಕ್ಕಿಂತ ಹೆಚ್ಚು ಸಾರ್ಥಕ. ಸೀಸೆ ಸತ್ಯವೋ ಸುಳ್ಳೋ ಎಂಬುದನ್ನು ಅದೇ ಹೇಳುವುದು. ನಡುವೆ ಮೂರು ನಾಲ್ಕನೆಯ ದಿನ ನೀರು ಹಾಲು ಬೆರೆಸಿದಂತೆ ಬೆಳ್ಳಗಾದರೆ ಅಂಜಿ ಎಲ್ಲವನ್ನೂ ಚೆಲ್ಲಬೇಡಿರಿ. ಅದು ತಾನಾಗಿ ತಿಳಿಯಾಗುವುದು.

ನಮ್ಮ ನೀರಿನ ಮಾತೂ ಅವಶ್ಯ. ಬೆಂಗಳೂರಿಗೆ ೧೯೭೪ರಿಂದ ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರು ದಾಟಿ ಬರುತ್ತಿದೆ. ಅದಕ್ಕೆ ಕ್ಲೋರೀನು ಬೆರೆಸಿರುವುದು ನಮ್ಮ ಆರೋಗ್ಯಕ್ಕಾಗಿ. ಆದರೆ ಕೆಟ್ಟ ಜೀವಿ ಒಳ್ಳೆಯ ಜೀವಿ ಎಂಬ ಭೇದ ಕ್ಲೋರೀನಿಗೆ ತಿಳಿಯದು. ಸೀಸೆಯನ್ನು ಕೊಳಾಯಿಯ ಹೊಸ ನೀರಿಗೆ ನೇರವಾಗಿ ಸುರಿದವರು ಕೊಂಡ ಜೀವಿಗಳನ್ನು ಕೈಯಾರೆ ಕೊಂದಂತೆ. ನೀರನ್ನು ಬಾಯಗಲದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಬೇಕು, ಇಲ್ಲವೆ ಅಂಗಡಿಯಲ್ಲಿ ಆಂಟಿಕ್ಲೋರಿನ್ ಎಂದು ಮಾರುವ ಹರಳನ್ನು ಹೇಳಿದ ಪ್ರಮಾಣದಲ್ಲಿ ಕರಗಿಸಬೇಕು. ಕೊಳವೆಬಾವಿಯ ಅಥವಾ ಟ್ಯಾಂಕರಿನ ಗಡಸು ನೀರಿನಲ್ಲಿ ಈ ಜೀವಿಗಳು ಚೆನ್ನಾಗಿಯೇ ಬೆಳೆಯುವುವು. ಏಕೆಂದರೆ ಒಂದು ಗ್ರಾಂ ಸಾರಜನಕವನ್ನು ನೈಟ್ರೇಟಾಗಿಸಲು ಅವಕ್ಕೆ ಸುಮಾರು ೪.೬ ಗ್ರಾಂ ಪ್ರಾಣವಾಯುವೂ, ೭ ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರವೂ ಬೇಕು. ಅಡಿಗೆಮನೆಯ ಆರ್.ಓ. ಯಂತ್ರದ ನೀರು ಅತಿ ಶುದ್ಧವೆಂದು ತೊಟ್ಟಿಗೆ ಅದನ್ನೇ ತುಂಬುವವರುಂಟು. ಅದರಲ್ಲಿ ಕ್ಷಾರ ಬಹಳ ಅಲ್ಪ. ಕೆಲದಿನಗಳಲ್ಲಿ ನೀರು ಹುಳಿಗೆ ತಿರುಗಿ ಜೀವಿಗಳ ಕೆಲಸ ನಿಲ್ಲುವುದು.

ಹದವಾದ ತೊಟ್ಟಿಯನ್ನು ಕೆಡಿಸುವ ಮುಖ್ಯಕಾರಣ ಅತಿಯಾದ ಶುಚಿತ್ವ. ಹಬ್ಬ ಬಂದಿತೆಂದರೆ ಮರಳು, ಕಲ್ಲು, ಸ್ಪಂಜುಗಳನ್ನೆಲ್ಲ ಹೊರತೆಗೆದು ಕೊಳಾಯಿಯ ಕೆಳಗೆ ಬೆಳ್ಳಗೆ ತೊಳೆದು, ಹೊಸ ನೀರು ತುಂಬುವರು. ಒಂದು ತಿಂಗಳ ಸಂಸಾರ ಒಂದು ಗಂಟೆಯಲ್ಲಿ ಚರಂಡಿಗೆ ಹೋಗುವುದು; ಮೀನು ಮತ್ತೆ ಹೊಸ ತೊಟ್ಟಿಯಲ್ಲಿ ಬಿದ್ದಂತಾಗುವುದು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ಟು ನೀರಿನಲ್ಲಿ ಮೆಲ್ಲನೆ ಹಿಂಡಿ ಹಾಕಿದರೆ ಸಾಕು. ಕೆಲಸದವರಿಗೂ ಇದನ್ನು ತಿಳಿಸಿರಬೇಕು. ರಾತ್ರಿ ಸದ್ದಾಗುವುದೆಂದು ಫಿಲ್ಟರು ನಿಲ್ಲಿಸಬಾರದು. ಪ್ರಾಣವಾಯುವಿಲ್ಲದೆ ಅದರೊಳಗಿನ ಜೀವಿಗಳು ಕೆಡುವುವು. ಮನೆಯಲ್ಲಿ ಯು.ಪಿ.ಎಸ್. ಇದ್ದರೆ ಗಾಳಿಯ ಪಂಪಿಗೆ ಅದರ ಸಂಪರ್ಕ ಕೊಡಿರಿ. ಅದು ಎಳೆಯುವ ವಿದ್ಯುತ್ತು ತೀರ ಸ್ವಲ್ಪ. ಕಾರಣವಿಲ್ಲದೆ ನೀಲಿ ಔಷಧ ಮೊದಲಾದವನ್ನು ತೊಟ್ಟಿಗೇ ಹಾಕಬಾರದು. ರೋಗದ ಮೀನನ್ನು ಬೇರೆ ಪಾತ್ರೆಯಲ್ಲಿಟ್ಟು ಚಿಕಿತ್ಸೆ ಮಾಡತಕ್ಕದ್ದು.

ಮೀನನ್ನು ಈಗಾಗಲೇ ಬಿಟ್ಟು ಸಂಕಟದಲ್ಲಿರುವವರು ಏನು ಮಾಡಬೇಕು? ಪ್ರತಿದಿನವೂ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ, ಕ್ಲೋರೀನು ನೀಗಿದ ನೀರಿನಿಂದ ಬದಲಿಸಬೇಕು. ಆಹಾರವನ್ನು ಎರಡು ದಿನಕ್ಕೊಮ್ಮೆ, ಅದೂ ಚಿಟಿಕೆಯಷ್ಟು ಮಾತ್ರ ಹಾಕಬೇಕು. ಈ ಉಪವಾಸದಿಂದ ಆರೋಗ್ಯವಾದ ಮೀನು ಸಾಯದು. ನೈಟ್ರೈಟು ಏರಿದ್ದರೆ ೧೦ ಲೀಟರಿಗೆ ೧ ಗ್ರಾಮಿನಷ್ಟು ಅಡಿಗೆಯ ಉಪ್ಪನ್ನು ಕರಗಿಸಿ ಹಾಕಬಹುದು. ಉಪ್ಪಿನ ಕ್ಲೋರೈಡು ಕಿವಿರಿನಲ್ಲಿ ನೈಟ್ರೈಟಿಗೆ ಅಡ್ಡ ನಿಲ್ಲುವುದು. ಸತ್ತ ಮೀನಿನ ಜಾಗಕ್ಕೆ ಹೊಸ ಮೀನನ್ನು ಮಾತ್ರ, ಪರೀಕ್ಷೆಯಲ್ಲಿ ಎರಡೂ ಸೊನ್ನೆಯೆಂದು ಕಾಣುವವರೆಗೆ, ತರಬಾರದು.

ಇಷ್ಟೆಲ್ಲ ಒಂದು ಅಲ್ಪಪ್ರಾಣಿಗಾಗಿಯೇ ಎಂದು ನಗುವವರಿರಬಹುದು. ಹೊಳೆಯಲ್ಲಿರುವ ಮೀನಿಗೆ ನಾವು ಋಣಿಗಳಲ್ಲ. ಹಿಡಿದು ತಂದು ನಾಲ್ಕು ಗಾಜುಗಳ ನಡುವೆ ಇರಿಸಿದ ಮೀನು ಆಶ್ರಿತ. ಅದು ಓಡಿಹೋಗಲಾರದು, ಕೂಗಲಾರದು. ಸತ್ತರೆ ಇನ್ನೊಂದು ತರೋಣವೆಂಬ ಮಾತನ್ನು ಮನೆಯ ಮಗು ನಾಲ್ಕು ಸಲ ಕೇಳಿದರೆ, ಪ್ರಾಣದ ಬೆಲೆ ಅಂಗಡಿಯ ಬೆಲೆಯೆಂದೇ ಕಲಿಯುವುದು. ಬರಿಯ ನೀರಿರುವ ತೊಟ್ಟಿಯನ್ನು ತಾಯಿತಂದೆಯರ ಜೊತೆಯಲ್ಲಿ ಮೂರು ವಾರ ಕಾದು, ದಿನವೂ ಬಣ್ಣ ನೋಡಿ ಪುಸ್ತಕದಲ್ಲಿ ಬರೆದಿಟ್ಟ ಮಗುವಾದರೋ, ರಸಾಯನಶಾಸ್ತ್ರವನ್ನೂ ತಾಳ್ಮೆಯನ್ನೂ ಒಟ್ಟಿಗೆ ಕಲಿಯುವುದು.

ಕೊನೆಯದಾಗಿ, ಬದಲಿಸಿ ತೆಗೆದ ನೀರಿನ ವಿಷಯ. ೨೦೨೪ರ ಮಾರ್ಚಿಯಲ್ಲಿ ನೀರಿನ ಅಭಾವದಿಂದ ಕುಡಿಯುವ ನೀರನ್ನು ತೋಟಕ್ಕೂ ವಾಹನ ತೊಳೆಯುವುದಕ್ಕೂ ಬಳಸಬಾರದೆಂದು ಜಲಮಂಡಲಿಯವರು ವಿಧಿಸಿ, ಮೀರಿದವರಿಗೆ ೫೦೦೦ ರೂಪಾಯಿ ದಂಡವೆಂದು ಸಾರಿದ್ದು ವಾಚಕರ ನೆನಪಿನಲ್ಲಿರಬಹುದು. ವಾರವಾರವೂ ತೊಟ್ಟಿಯಿಂದ ತೆಗೆಯುವ ಒಂದೆರಡು ಬಕೆಟ್ಟು ನೀರನ್ನು, ಉಪ್ಪು ಅಥವಾ ಔಷಧ ಹಾಕಿಲ್ಲದಿದ್ದರೆ, ತುಳಸಿಗೂ ಮಲ್ಲಿಗೆಯ ಕುಂಡಕ್ಕೂ ಹಾಕಿರಿ. ಅದರಲ್ಲಿ ನೈಟ್ರೇಟೆಂಬ ಗೊಬ್ಬರ ಕರಗಿರುವುದು. ಬೇರೆ ಗೊಬ್ಬರದ ಖರ್ಚೂ ಅಷ್ಟರಮಟ್ಟಿಗೆ ಉಳಿಯುವುದು. ತೊಟ್ಟಿಯಲ್ಲಿ ಬೆಳೆಸಬಹುದಾದ ನೀರಿನ ಗಿಡಗಳ ವಿಚಾರವನ್ನು ಇನ್ನೊಂದು ತಿಂಗಳು ಬರೆಯುವೆವು.